ಮೊರೆ-ಸ್ಯುರ್-ಲ್ವ್ಯಾನ್‌ನಲ್ಲಿ ಮನೆ ಹಿಡಿಯುವ ಹೊಸಬರಿಗೆ

ಫ್ರಾನ್ಸಿನ ಫೋಂಟೆನ್‌ಬ್ಲೋದಲ್ಲಿರುವ ಇನ್ಸಿಯಾಡ್ ಬಿಸಿನೆಸ್ ಸ್ಕೂಲಿಗೆ ಓದಲು ಬಂದ ಕನ್ನಡಿಗರು ಬಾಡಿಗೆ ಮನೆ ಹುಡುಕುತ್ತ ಪಕ್ಕದ ಮೊರೆಗೂ ಬರುತ್ತಾರೆ. ಸೇತುವೆ, ಹಳೆಯ ಊರಬಾಗಿಲು, ಚರ್ಚು ನೋಡಿ ಮನಸೋತು ಹೊಳೆದಂಡೆಯ ಕಲ್ಲುಮನೆಗೆ ಒಪ್ಪಿಬಿಡುತ್ತಾರೆ. ಮನೆ ಚೆಂದವೇ. ಆದರೆ ಹೊಳೆಯನ್ನೂ ಕಲ್ಲನ್ನೂ ಅರಿತು ಬಾಳಬೇಕು.

ಮೊದಲು ಹೊಳೆ. 2016ರ ಜೂನ್ ಆರಂಭದಲ್ಲಿ ಲ್ವ್ಯಾನ್ ಉಕ್ಕಿ ದಂಡೆಯ ಬೀದಿಗಳಿಗೆ ನುಗ್ಗಿತು. ಮೇಲ್ಹರಿವಿನ ನೆಮೂರ್‌ನಲ್ಲಿ ನೀರು 1910ರ ಮಹಾಪೂರದ ಮಟ್ಟವನ್ನೂ ದಾಟಿತು. ಕರಾರಿನ ಜೊತೆ ಮಾಲೀಕರು ಕೊಡಬೇಕಾದ, ಆ ಜಾಗಕ್ಕಿರುವ ಪ್ರವಾಹ ಮುಂತಾದ ಅಪಾಯಗಳನ್ನು ತಿಳಿಸುವ ‘ಎತಾ ದೆ ರಿಸ್ಕ್’ ಪತ್ರವನ್ನು ಸಹಿಗೆ ಮುಂಚೆ ಓದಿ. ತಂಪಾಗಿದೆಯೆಂದು ನೆಲಮಾಳಿಗೆಯಲ್ಲಿ ಅಕ್ಕಿಮೂಟೆ, ರೇಷ್ಮೆ ಸೀರೆ, ಅಂಕಪಟ್ಟಿಗಳ ಕಡತ ಇಡುವವರಿದ್ದಾರೆ. ದಯವಿಟ್ಟು ಬೇಡ, ಅವೆಲ್ಲ ಮಹಡಿಯಲ್ಲಿರಲಿ. ಸರ್ಕಾರದ ಪ್ರವಾಹ ಮುನ್ಸೂಚನೆಯ ವಿಜಿಕ್ರ್ಯು ಜಾಲತಾಣದಲ್ಲಿ ಹೊಳೆಯ ಬಣ್ಣ ಹಳದಿಯಾದರೆ ನೆಲಮಾಳಿಗೆ ಖಾಲಿ ಮಾಡಿ. ಕಿತ್ತಳೆಯಾಗುವ ತನಕ ಕಾಯದೆ ಕಾರನ್ನು ದಂಡೆಯಿಂದ ತೆಗೆಯಿರಿ. ನೀರು ಹೊಕ್ಕರೆ ಒರೆಸುವ ಮುಂಚೆ ಫೋಟೊ ತೆಗೆಯಿರಿ. ಸರ್ಕಾರ ಅದನ್ನು ನೈಸರ್ಗಿಕ ವಿಕೋಪವೆಂದು ಗೆಜೆಟ್‌ನಲ್ಲಿ ಪ್ರಕಟಿಸಿದ ಮೇಲೆ ವಿಮೆಯವರಿಗೆ ತಿಳಿಸಲು 30 ದಿನ ಅವಕಾಶ. ನಷ್ಟದಲ್ಲಿ ಮೊದಲ 380 ಯೂರೋ ನಿಮ್ಮದೇ.

ಇನ್ನು ಗೋಡೆ. ಸುಣ್ಣದ ಗಾರೆಯ ಹಳೆಯ ಕಲ್ಲುಗೋಡೆ ಪಸೆ ಹೀರಿ ಮೆಲ್ಲಗೆ ಹೊರಗೆ ಬಿಡುತ್ತದೆ. ಸಿಮೆಂಟೋ ಪ್ಲಾಸ್ಟಿಕ್ ಪೇಂಟೋ ಬಳಿದರೆ ಪಸೆ ಒಳಗೇ ಸಿಕ್ಕಿ ಗಾರೆ ಉದುರುತ್ತದೆ. ಇದರ ಮೇಲೆ ನಮ್ಮ ಕುಕ್ಕರಿನ ಹಬೆ, ಸಾರಿನ ಕುದಿ, ಒಳಗೇ ಒಣಹಾಕಿದ ಬಟ್ಟೆ. ಚಳಿಗೆ ಹೆದರಿ ಗಾಳಿಕಂಡಿಗೆ ಟೇಪ್ ಅಂಟಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು: ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಠೇವಣಿಗೆ ಕತ್ತರಿ ಬೀಳುತ್ತದೆ. ಬೆಳಿಗ್ಗೆ, ಸಂಜೆ 10 ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಹೊರಗೋಡೆಗೂ ಬೀರುವಿಗೂ 5-10 ಸೆಂ.ಮೀ. ಸಂದು ಬಿಡಿ.

ಕಿಟಕಿ ಬದಲಿಸುವುದು, ಡಿಶ್ ಅಥವಾ ಎಸಿ ಡಬ್ಬಿಯನ್ನು ಬೀದಿ ಕಡೆ ಕೂರಿಸುವುದು ನಮ್ಮಿಷ್ಟವಲ್ಲ. ರಕ್ಷಿತ ಸ್ಮಾರಕದ ಸುತ್ತ ಸಾಮಾನ್ಯವಾಗಿ 500 ಮೀಟರ್‌ವರೆಗೆ ಸರ್ಕಾರಿ ವಾಸ್ತುಶಿಲ್ಪಿಯ ಅಭಿಪ್ರಾಯ ಬೇಕು. ಮಾಲೀಕರ ಒಪ್ಪಿಗೆ ಪಡೆದು ಮೇರಿಯಲ್ಲಿ (ಪುರಸಭೆ ಕಚೇರಿ) ಅರ್ಜಿ ಹಾಕಿದರೆ ಸುಮಾರು 2 ತಿಂಗಳು. ಬೇಸರ ಬೇಡ, ಈ ಬಿಗಿಯಿಂದಲೇ ಊರು ಇನ್ನೂ ಊರಾಗಿ ಉಳಿದಿದೆ. ಗಣೇಶನ ಮೂರ್ತಿ ಮಣ್ಣಿನದೇ ಇರಲಿ, ವಿಸರ್ಜನೆ ಮನೆಯ ಬಕೆಟ್‌ನಲ್ಲಿ. ಹೊಳೆಗೆ ಏನನ್ನೂ ಬಿಡಬಾರದು.

ವೀಸಾ, ಬ್ಯಾಂಕು, ಆರೋಗ್ಯ ಕಾರ್ಡು: ಎಲ್ಲದಕ್ಕೂ ಬಾಡಿಗೆ ಕರಾರು, ಕರೆಂಟ್ ಬಿಲ್ಲಿನ ನಕಲು ಕೈಲಿರಲಿ. ಪ್ಯಾರಿಸ್‌ಗೆ ಆರ್ ಲೈನ್ ರೈಲು. ನಿಲ್ದಾಣ ಹಳೆಯ ಪೇಟೆಯಲ್ಲಿಲ್ಲ, ಪಕ್ಕದ ವನೋದ ಕಡೆ.

ಈ ಸೇತುವೆಯನ್ನೂ ಚರ್ಚನ್ನೂ ಮತ್ತೆ ಮತ್ತೆ ಬರೆದ ಚಿತ್ರಕಾರ ಆಲ್ಫ್ರೆಡ್ ಸಿಸ್ಲೆ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ತಂದೆತಾಯಿ ಇಂಗ್ಲಿಷರು. ಫ್ರೆಂಚ್ ಪೌರತ್ವ ಸಿಗದೆಯೇ 1899ರಲ್ಲಿ ಇಲ್ಲೇ ತೀರಿಕೊಂಡ, ಸಮಾಧಿಯೂ ಇಲ್ಲೇ. ಇಂದು ಊರು ಅವನನ್ನು ತನ್ನವನೆಂದೇ ಹೇಳಿಕೊಳ್ಳುತ್ತದೆ. ಪ್ರಿಫೆಕ್ಚರ್ ಎಂಬ ಸರ್ಕಾರಿ ಕಚೇರಿಯ ಕಾಗದಕ್ಕಾಗಿ ವರ್ಷಗಟ್ಟಲೆ ಕಾಯುವ ನಮ್ಮವರಿಗೆ ಇದು ತಿಳಿದಿರಲಿ.

ಮಕ್ಕಳನ್ನು ಸೆಪ್ಟೆಂಬರ್ ಮೂರನೇ ವಾರಾಂತ್ಯದ ಪರಂಪರೆಯ ದಿನಗಳಿಗೆ ಕರೆದೊಯ್ಯಿರಿ. ಬೆನೆಡಿಕ್ಟೀನ್ ಸನ್ಯಾಸಿನಿಯರು 1638ರಲ್ಲಿ ಮಾಡಲು ಶುರುಮಾಡಿದ ಬಾರ್ಲಿ ಸಕ್ಕರೆಮಿಠಾಯಿಯ ರುಚಿ ತೋರಿಸಿ. ಮಕ್ಕಳು ಈ ಊರಿನವರಾಗಿಯೇ ಬೆಳೆಯುತ್ತಾರೆ, ಆಗಲಿ. ಆದರೆ ಅಜ್ಜಿಯ ಜೊತೆ ಕನ್ನಡದಲ್ಲಿ ಜಗಳವಾಡುವ ಸಲುಗೆ ಒಮ್ಮೆ ಹೋದರೆ ಮರಳುವುದು ಕಷ್ಟ. ಬುಧವಾರ ಮಧ್ಯಾಹ್ನ ಪ್ರಾಥಮಿಕ ಶಾಲೆ ಇರುವುದಿಲ್ಲ. ಇಲ್ಲಿ 2 ಗಂಟೆಗೆ ಫೋನ್ ಹಚ್ಚಿದರೆ ಕರ್ನಾಟಕದಲ್ಲಿ, ಇಲ್ಲಿಯ ಬೇಸಿಗೆಯಲ್ಲಾದರೆ ಸಂಜೆ 5.30, ಚಳಿಗಾಲದಲ್ಲಾದರೆ 6.30, ಅಜ್ಜಿ ತಾತ ಬಿಡುವಾಗಿರುವ ಹೊತ್ತು.