ಕೊಡಗಿನಲ್ಲಿ ಮನೆ ಕೊಳ್ಳುವುದು, ಮಾರುವುದು: ಮೊದಲು ಜಾಗದ ಕಾಗದ, ಆಮೇಲೆ ಮನೆ

ಮಡಿಕೇರಿ, ವಿರಾಜಪೇಟೆ ಕಡೆ ಮನೆ ನೋಡಲು ಬಂದವರು ಮೊದಲು ಹೆಂಚಿನ ಮಾಡು ನೋಡುತ್ತಾರೆ. ಆಮೇಲೆ ಎದುರಿನ ಬೆಟ್ಟ, ಆಮೇಲೆ ರೇಟು. ಕಾಗದದ ಸರದಿ ಬರುವುದು ಅಡ್ವಾನ್ಸ್ ಕೊಟ್ಟ ಮೇಲೆ. ದಯವಿಟ್ಟು ಇದನ್ನು ತಿರುಗಿಸಿ ಮಾಡಿ. ನಮ್ಮ ಜಿಲ್ಲೆಯಲ್ಲಿ ಮನೆ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಅದರ ಕೆಳಗಿನ ಜಾಗ ಯಾವ ಬಗೆಯದು ಅನ್ನುವುದೇ ಮುಖ್ಯ.

ಮೊದಲ ಹೆಜ್ಜೆ: ಜಾಗ ಯಾವುದು?

ಆರ್‌ಟಿಸಿ, ಅಂದರೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಜಮ್ಮಾ ಬಾಣೆಯಾದರೆ (ಕುಟುಂಬಕ್ಕೆ ತಲೆಮಾರುಗಳಿಂದ ಬಂದ ಜಾಗ) 9ನೇ ಕಾಲಂ ಓದಲು ಸ್ವಲ್ಪ ತಾಳ್ಮೆ ಬೇಕು. ಎಂದೋ ತೀರಿಹೋದ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರು, ಅದರ ಜೊತೆ ಒಕ್ಕದ, ಅಂದರೆ ಒಂದೇ ವಂಶದ ಇತರರ ಹೆಸರುಗಳು ಸಾಲಾಗಿ ಇರಬಹುದು. ಅಲ್ಲಿ ಮನೆ ಕಟ್ಟಿಕೊಂಡವರು 'ಇದು ನನ್ನ ಪಾಲು' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಐನ್‌ಮನೆಯಲ್ಲಿ (ಒಕ್ಕದ ಮೂಲಮನೆ) ಹಿರಿಯರು ಕೂತು ಬಾಯಿಮಾತಿನಲ್ಲಿ ಪಾಲು ಮಾಡಿರುತ್ತಾರೆ, ಎಲ್ಲರೂ ಅದನ್ನು ಒಪ್ಪಿ ಬದುಕಿರುತ್ತಾರೆ. ಆದರೆ ಮಾರಾಟಕ್ಕೆ ಅಷ್ಟು ಸಾಲದು. ಪಾಲುಪಟ್ಟಿ ನೋಂದಣಿ ಆಗಿದೆಯಾ, ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿದೆಯಾ, ಆ ಪಾಲಿಗೆ ಬೇರೆ ಆರ್‌ಟಿಸಿ ಬಂದಿದೆಯಾ ಎಂದು ಕೇಳಿ. ಇಲ್ಲವೆಂದರೆ ಮಾರುವವರೇ ಅದನ್ನು ಮುಗಿಸಲಿ. ನೀವು ಕಾಯಿರಿ.

ಪೈಸಾರಿ ಅಂದರೆ ಸರ್ಕಾರಿ ಜಾಗ. ಅದರಲ್ಲಿ ಮೂವತ್ತು ವರ್ಷದಿಂದ ಮನೆ ಇದ್ದರೂ, ಪಂಚಾಯಿತಿಗೆ ಕಂದಾಯ ಕಟ್ಟಿದ್ದರೂ, ಕರೆಂಟ್ ಇದ್ದರೂ ಮಾಲೀಕತ್ವ ಬರುವುದಿಲ್ಲ. ಸರ್ಕಾರಿ ಜಾಗದ ಮನೆಯನ್ನು ಸಕ್ರಮ ಮಾಡುವ 94ಸಿ ಅಡಿ ಹಕ್ಕುಪತ್ರ ಸಿಕ್ಕಿದ್ದರೆ ಅದರ ಹಿಂದೆ ಮುಂದೆ ಬರೆದಿರುವ ಷರತ್ತುಗಳನ್ನು ಓದಿ, ಪರಭಾರೆ ಮಾಡಬಾರದೆಂಬ ಷರತ್ತು ಇದೆಯಾ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಾಗವಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ.

ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇದನ್ನು ಕೇಳಿ ತುಂಬಾ ಜನ 'ಹಾಗಾದರೆ ಮನೆಯನ್ನೂ ಕಟ್ಟಬಹುದು' ಅಂದುಕೊಳ್ಳುತ್ತಾರೆ. ಕೊಳ್ಳುವುದು ಬೇರೆ, ಭೂ ಪರಿವರ್ತನೆ ಬೇರೆ. ಸೈಟ್ ಎಂದು ಹೇಳಿದರೆ ಕನ್ವರ್ಷನ್ ಆದೇಶದ ಪ್ರತಿ ಕೇಳಿ. ಹಳ್ಳಿಯ ಮನೆಗಾದರೆ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಿ. 11-ಬಿ ಎಂದಿದ್ದರೆ ಅಲ್ಲಿಗೆ ನಿಲ್ಲಿ, ವಕೀಲರಿಗೆ ತೋರಿಸಿ. ಕಂದಾಯ ಕಟ್ಟಲು ಒಂದು ನಂಬರ್ ಸಿಕ್ಕಿದ ಮಾತ್ರಕ್ಕೆ ಜಾಗ ಸಕ್ರಮ ಆಗುವುದಿಲ್ಲ.

ಎರಡನೆಯದು: ಇ.ಸಿ. ಮತ್ತು ಅದರಲ್ಲಿ ಕಾಣದ ಸಾಲ

ಇ.ಸಿ. ಅಂದರೆ ಋಣಭಾರ ಪತ್ರ. ಅದನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ತೆಗೆಯಬಹುದು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕನಿಷ್ಠ 30 ವರ್ಷದ್ದು ತೆಗೆಸಿ. ಹಳೆಯ ವರ್ಷಗಳದ್ದು ಆನ್‌ಲೈನ್‌ನಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅರ್ಜಿ ಕೊಡಿ. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಿಳಿ ಹಾಳೆಯ ಅಗ್ರಿಮೆಂಟ್ ಇನ್ನೊಬ್ಬರ ಕೈಯಲ್ಲಿದ್ದರೆ ಅದು ಕಾಣಿಸದು. ಕೋರ್ಟ್ ಕೇಸ್ ಕೂಡ ಎಷ್ಟೋ ಸಲ ಕಾಣಿಸುವುದಿಲ್ಲ. ತೋಟದೊಳಗಿನ ಮನೆಯಾದರೆ ಸೊಸೈಟಿ ಸಾಲ ಆರ್‌ಟಿಸಿಯ 11ನೇ ಕಾಲಂನಲ್ಲಿ ಇರಬಹುದು, ಅದಕ್ಕೇ ಎರಡನ್ನೂ ಜೊತೆಗಿಟ್ಟು ಓದಬೇಕು.

ಮೂರನೆಯದು: ಯಾರೆಲ್ಲ ಸಹಿ ಹಾಕಬೇಕು?

ವಂಶವೃಕ್ಷ ಕೇಳಲು ಮುಜುಗರ ಬೇಡ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಎಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 'ಅಕ್ಕನಿಗೆ ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ' ಅನ್ನುವ ಮಾತು ಹಕ್ಕುಬಿಡುಗಡೆ ಪತ್ರ ಆಗುವುದಿಲ್ಲ. ಅಕ್ಕ ಮೈಸೂರಿನಲ್ಲಿದ್ದರೂ ಅಬುಧಾಬಿಯಲ್ಲಿದ್ದರೂ ಸಹಿ ಬೇಕು. ವಿದೇಶದಿಂದ ಪವರ್ ಆಫ್ ಅಟಾರ್ನಿ ಕಳಿಸಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಿರಲಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೊಟ್ಟು ದುಡ್ಡು ತೆಗೆದುಕೊಂಡರೆ ಮಾರಾಟ ಆದಂತಲ್ಲ, ಇದನ್ನೂ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ನಾಲ್ಕನೆಯದು: ದಾರಿ

ಇಲ್ಲಿ ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ಅಪ್ಪ 14 ಸೆಂಟ್ ಜಾಗ, ಅದರಲ್ಲೊಂದು ಹಳೆಯ ಮನೆ ಕೊಂಡಾಗ ಪಕ್ಕದ ತೋಟದ ನಡುವೆ ಜೀಪು ಹೋಗುವಷ್ಟು ದಾರಿ ಇತ್ತು. 'ದಾರಿ ಬಗ್ಗೆ ಏನೂ ಯೋಚ್ನೆ ಮಾಡ್ಬೇಡಿ ಅಣ್ಣಾ, ಅಜ್ಜನ ಕಾಲದಿಂದ ಇದೆ' ಎಂದರು ಮಾರಿದವರು. ಕ್ರಯಪತ್ರದ ಚೆಕ್‌ಬಂದಿಯಲ್ಲಿ ಬರೆದಿದ್ದು 'ಪೂರ್ವಕ್ಕೆ ಓಡಾಡುವ ದಾರಿ' ಎಂದಷ್ಟೇ. ಎಷ್ಟು ಅಡಿ, ಯಾರ ಜಾಗದಲ್ಲಿ, ವಾಹನ ಹೋಗಬಹುದೋ ಇಲ್ಲವೋ, ಒಂದೂ ಇಲ್ಲ. ಆರು ವರ್ಷ ಕಳೆದು ಪಕ್ಕದ ತೋಟ ಬೇರೆಯವರ ಕೈಗೆ ಹೋಯಿತು. ಒಂದು ಬೆಳಿಗ್ಗೆ ದಾರಿಗೆ ಕಬ್ಬಿಣದ ಗೇಟ್, ಅದಕ್ಕೆ ಬೀಗ. ಆ ಮಳೆಗಾಲ ಪೂರ್ತಿ ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಬಂತು. ಕಾಫಿ ಗಿಡದ ಸಂದಿಯಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು ನನಗೆ ಈಗಲೂ ಮರೆಯುವುದಿಲ್ಲ. ಕೊನೆಗೆ ದುಡ್ಡು ಕೊಟ್ಟು ಹತ್ತು ಅಡಿ ದಾರಿಗೆ ಪತ್ರ ನೋಂದಣಿ ಮಾಡಿಸಿಕೊಂಡೆವು. 20 ವರ್ಷ ಅಡ್ಡಿಯಿಲ್ಲದೆ ಓಡಾಡಿದ್ದನ್ನು ಸಾಬೀತು ಮಾಡಿದರೆ ಹಕ್ಕು ಸಿಗುತ್ತದೆ, ಕಾನೂನಿನಲ್ಲಿ ಅವಕಾಶ ಇದೆ. ಆದರೆ ಸಾಬೀತು ಮಾಡುವುದು ಕೋರ್ಟಿನಲ್ಲಿ, ಸಿಲಿಂಡರ್ ಬೇಕಾಗುವುದು ಇವತ್ತು.

ಆದ್ದರಿಂದ ದಾರಿಯ ಅಗಲ, ಉದ್ದ, ಅದು ಹಾದುಹೋಗುವ ಸರ್ವೆ ನಂಬರ್, ವಾಹನದ ಹಕ್ಕು, ಎಲ್ಲವೂ ಕ್ರಯಪತ್ರದಲ್ಲಿ ಬರಲಿ. ದಾರಿ ಬೇರೆಯವರ ಜಾಗದಲ್ಲಿದ್ದರೆ ಆ ಮಾಲೀಕರೇ ಬರೆದುಕೊಡಬೇಕು. ಕೆರೆಯಿಂದಲೋ ತೋಡಿನಿಂದಲೋ ಪೈಪ್ ಎಳೆದಿದ್ದರೆ ಅದಕ್ಕೂ ಇದೇ ಮಾತು. ಒಂದು ಸರ್ವೆ ನಂಬರಿನ ಸ್ವಲ್ಪ ಭಾಗ ಮಾತ್ರ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಸರ್ವೆಯವರು ಅಳೆಯುವ ದಿನ ನೀವೂ ಜೊತೆಗೆ ನಡೆಯಿರಿ.

ಬಿಸಿಲಿನ ದಿನ ನೋಡಿದ್ದು ಸಾಲದು, ಒಮ್ಮೆ ಮಳೆಗಾಲದ ಜುಲೈನಲ್ಲೂ ಜಾಗ ನೋಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು ಕಡೆ ಗುಡ್ಡ ಜಾರಿದ್ದನ್ನು ನಾವ್ಯಾರೂ ಮರೆತಿಲ್ಲ. ಗುಡ್ಡ ಅಗೆದು ಮಟ್ಟ ಮಾಡಿದ ಸೈಟಾದರೆ ಹಿಂದಿನ ಬರೆಯಲ್ಲಿ (ಅಗೆದ ಗುಡ್ಡದ ಕಡಿದಾದ ಬದಿಯಲ್ಲಿ) ನೀರು ಒಸರುತ್ತಿದೆಯಾ ನೋಡಿ.

ಅಗ್ರಿಮೆಂಟ್, ದುಡ್ಡು, ನೋಂದಣಿ

ಅಗ್ರಿಮೆಂಟ್‌ನಿಂದ ಮಾಲೀಕತ್ವ ಬರುವುದಿಲ್ಲ, ಕ್ರಯಪತ್ರ ನೋಂದಣಿಯಾದ ಮೇಲೇ ಬರುವುದು. ಅಗ್ರಿಮೆಂಟ್‌ನಲ್ಲಿ ಕೊನೆಯ ತಾರೀಖು, ಕಾಗದ ಸರಿ ಮಾಡಿಕೊಡುವ ಹೊಣೆ ಯಾರದ್ದು, ಆಗದಿದ್ದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಈ ಮೂರು ಇರಲೇಬೇಕು. ಅಡ್ವಾನ್ಸ್ ಆದರೂ ಸರಿ, 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಟ್ಟಬೇಡಿ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಾರುವವರು ಇದನ್ನು ಗಮನಿಸಬೇಕು.

ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಲೆಕ್ಕ ಹಾಕುವುದು ಮಾರ್ಗಸೂಚಿ ದರ ಅಥವಾ ನಿಜವಾದ ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ. ಮನೆಯ ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ಲೆಕ್ಕವೇ ಬೇರೆ, ಮೊದಲೇ ಆಡಿಟರ್ ಹತ್ತಿರ ಕೇಳಿ. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಹೆಬ್ಬೆಟ್ಟು ಒತ್ತುವ ಮೊದಲು ಪತ್ರವನ್ನು ಕೊನೆಯ ಸಲ ಗಟ್ಟಿಯಾಗಿ ಓದಿಸಿ. ಸರ್ವೆ ನಂಬರ್, ಸೆಂಟ್, ನಾಲ್ಕು ದಿಕ್ಕು, ದಾರಿ. ಪತ್ರ ಬರೆಯುವವರು ಅವಸರ ಮಾಡಿದರೂ ಓದಿಸಿ. ತಪ್ಪಾದರೆ ತಿದ್ದುಪಡಿ ಪತ್ರಕ್ಕೆ ಮಾರಿದವರೇ ಮತ್ತೆ ಬರಬೇಕಾಗುತ್ತದೆ.

ಮನೆಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಮ್ಯುಟೇಶನ್ ಆಗಿ ನಿಮ್ಮ ಹೆಸರಿನ ಆರ್‌ಟಿಸಿ ಅಥವಾ ಖಾತೆ ಕೈಗೆ ಬರುವವರೆಗೆ ಬಿಡದೆ ವಿಚಾರಿಸಿ. ಚೆಸ್ಕಾಂ ಮೀಟರ್, ನೀರಿನ ಬಿಲ್ಲು ನಿಮ್ಮ ಹೆಸರಿಗೆ ಆಗಲಿ. ಮಾರಿದವರೂ ಅಷ್ಟೇ, ಹಳೆಯ ಮೀಟರ್ ತಮ್ಮ ಹೆಸರಿನಲ್ಲಿ ಇಲ್ಲ ಎಂದು ಒಂದು ಸಲ ನೋಡಿಕೊಳ್ಳಲಿ, ಯಾಕೆಂದರೆ ಬಾಕಿ ಬಿಲ್ಲಿನ ನೋಟಿಸ್ ಬರುವುದು ಆ ಹೆಸರಿಗೇ.