ದೇವಸ್ಥಾನದಲ್ಲಿ ಹೆಣ್ಣುಮಕ್ಕಳನ್ನು ತಡೆದರೆ: ಮನವಿಯಿಂದ ರಿಟ್ ಅರ್ಜಿಯವರೆಗೆ

ಹೆಣ್ಣು ಎಂಬ ಕಾರಣಕ್ಕೆ ದೇವಸ್ಥಾನದಲ್ಲಿ ತಡೆದಿದ್ದಾರೆಂದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತಡೆದದ್ದು ಯಾವ ಹೊಸ್ತಿಲಲ್ಲಿ? ಅದೇ ಹೊಸ್ತಿಲನ್ನು ಗಂಡಸರು ದಾಟುತ್ತಾರೆಯೇ? ಅರ್ಚಕರ ಹೊರತು ಯಾರೂ ಕಾಲಿಡದ ಗರ್ಭಗುಡಿಗೆ ತಮ್ಮನ್ನೂ ಬಿಡಬೇಕೆಂದು ಹೆಂಗಸರು ಕೇಳಿದರೆ ಆ ಕೇಸು ನಿಲ್ಲುವುದಿಲ್ಲ. ಗಂಡಸರು ನವರಂಗದವರೆಗೆ (ಗರ್ಭಗುಡಿಯ ಮುಂದಿನ ಮಂಟಪದವರೆಗೆ) ಹೋಗುತ್ತಿದ್ದು ಹೆಂಗಸರನ್ನು ಹೊರ ಪ್ರಾಕಾರದಲ್ಲೇ ನಿಲ್ಲಿಸಿದರೆ ಅದು ತಾರತಮ್ಯ. ಈ ಗೆರೆಯನ್ನು ನಿಖರವಾಗಿ ಗುರುತಿಸದೆ ಹೊರಟ ಹೋರಾಟಗಳು ಅರ್ಧದಲ್ಲೇ ದಾರಿ ತಪ್ಪುತ್ತವೆ.

ಆಡಳಿತ ಮಂಡಳಿಗಳಿಗೂ ಈ ಗೆರೆ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲಿ ದೇವರಿರುವ ಕಟ್ಟೆಯನ್ನು ಹೆಂಗಸರು ಏರುವಂತಿರಲಿಲ್ಲ. ದೇವಸ್ಥಾನ ಪ್ರವೇಶಕ್ಕೆ ಸಂಬಂಧಿಸಿದ ರಾಜ್ಯದ 1956ರ ಕಾಯ್ದೆಯನ್ನು ಜಾರಿಗೊಳಿಸಬೇಕೆಂದು ಬಾಂಬೆ ಹೈಕೋರ್ಟ್ 2016ರ ಏಪ್ರಿಲ್ 1ರಂದು ಹೇಳಿತು. ಆ ಕಾಯ್ದೆಯಲ್ಲಿ ಪ್ರವೇಶ ತಡೆದವರಿಗೆ 6 ತಿಂಗಳವರೆಗೆ ಜೈಲು ಇದೆ. ಆದರೂ ಟ್ರಸ್ಟ್ ಗಂಡಸರಿಗೂ ಕಟ್ಟೆ ನಿಷೇಧಿಸಿ ‘ಎಲ್ಲರಿಗೂ ಸಮಾನ’ ಎಂದು ವಾದಿಸಿತು. ಏಪ್ರಿಲ್ 8ರ ಯುಗಾದಿಯ ದಿನ ಊರಿನ ಗಂಡಸರೇ ನಿಷೇಧ ಮುರಿದು ಕಟ್ಟೆ ಹತ್ತಿದರು. ಆಮೇಲೆ ಟ್ರಸ್ಟ್ ಮಣಿದು ಹೆಂಗಸರಿಗೂ ತೆರೆಯಿತು. ಇಂಥ ತಿರುವು ಬರಬಹುದೆಂದು ಎಣಿಸಿ, ಗಂಡಸರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದಕ್ಕೆ ಫೋಟೊ, ವಿಡಿಯೊ, ಸೇವಾ ಪಟ್ಟಿ, ರಶೀದಿಗಳನ್ನು ಮೊದಲೇ ಕೂಡಿಸಿಡಿ. ನಿಯಮ ಬದಲಾದ ಮೇಲೆ ಹುಡುಕಿದರೆ ಇವು ಸಿಗುವುದಿಲ್ಲ.

ಗುಡಿ ಯಾರದು?

ಎರಡನೆಯ ಕೆಲಸ, ಗುಡಿ ಸಾರ್ವಜನಿಕವೇ ಖಾಸಗಿಯೇ ಎಂದು ತಿಳಿಯುವುದು. ಯಾವ ಹಿಂದೂವಾದರೂ ಬಂದು ಪೂಜೆ ಮಾಡಿಸುವಂತಿದ್ದರೆ, ಹುಂಡಿ, ಊರ ಜಾತ್ರೆ, ಸರ್ಕಾರದ ತಸ್ತೀಕು (ಪೂಜೆಗೆ ಕೊಡುವ ವಾರ್ಷಿಕ ಹಣ) ಇದ್ದರೆ ಸಾರ್ವಜನಿಕ ಎನ್ನಲು ಬಲ ಬರುತ್ತದೆ. ಜಮೀನಿನ ಪಹಣಿ ದೇವರ ಹೆಸರಲ್ಲಿದ್ದರೆ ಅದನ್ನೂ ತೆಗೆಸಿ. ಮುಜರಾಯಿಗೆ, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಗೆ, ಸೇರಿದ ಗುಡಿಯಾದರೆ ದಾರಿ ಸಲೀಸು.

ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ತಹಶೀಲ್ದಾರ್ ಕಚೇರಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಕೊಡಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ತುಂಬ ಅರ್ಜಿಗಳು ತಿರಸ್ಕೃತವಾಗುವುದು ಇಲ್ಲೇ. ‘ಹೆಂಗಸರನ್ನು ಏಕೆ ಬಿಡುವುದಿಲ್ಲ?’ ಎಂದು ಕೇಳಬೇಡಿ. ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. ಹೀಗೆ ಬರೆಯಿರಿ:

‘ಸದರಿ ದೇವಸ್ಥಾನದ ಪ್ರವರ್ಗ (ಎ, ಬಿ ಅಥವಾ ಸಿ) ತೋರಿಸುವ ಅಧಿಸೂಚನೆ, ಹಾಲಿ ವ್ಯವಸ್ಥಾಪನಾ ಸಮಿತಿಯ ನೇಮಕಾತಿ ಆದೇಶ, ಮಹಿಳೆಯರ ಪ್ರವೇಶ ನಿರ್ಬಂಧಿಸುವ ಯಾವುದೇ ಆದೇಶ ಅಥವಾ ನಡಾವಳಿ ಇದ್ದಲ್ಲಿ ಅದರ ದೃಢೀಕೃತ ಪ್ರತಿ ಒದಗಿಸುವುದು.’

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ‘ಅಂಥ ಯಾವುದೇ ಆದೇಶ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಕೈಗೆ ಸಿಗಬಹುದಾದ ಅತ್ಯುತ್ತಮ ಕಾಗದ ಅದೇ: ಬಾಗಿಲಲ್ಲಿ ತೂಗುಹಾಕಿದ ಫಲಕಕ್ಕೆ ಕಾನೂನಿನ ಆಧಾರವಿಲ್ಲ ಎಂಬುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ. ಸಮಿತಿಯ 9 ಸದಸ್ಯರಲ್ಲಿ ಮಹಿಳೆಯರೂ ಇರಬೇಕು. ಅವರು ಯಾರೆಂದು ನೋಡಿ, ಹೋಗಿ ಮಾತಾಡಿ. ಒಳಗಿನಿಂದ ಒಂದು ನಡಾವಳಿ (ಸಭೆಯ ನಿರ್ಣಯ) ಆಗಿಬಿಟ್ಟರೆ ಕೋರ್ಟಿನ ಮೆಟ್ಟಿಲು ಹತ್ತುವ ಪ್ರಮೇಯವೇ ಬರುವುದಿಲ್ಲ.

‘ಅನಾದಿ ಕಾಲದ ಪದ್ಧತಿ’ ಎಂದಾಗ

ಈ ಉತ್ತರ ಬಂದೇ ಬರುತ್ತದೆ. ಹಳೆಯ ದಾಖಲೆ ಹುಡುಕಿ. ಶಬರಿಮಲೆಯಲ್ಲಿ 10ರಿಂದ 50 ವರ್ಷದ ಹೆಂಗಸರನ್ನು ಬಿಡಬಾರದೆಂದು ಕೇರಳ ಹೈಕೋರ್ಟ್ 1991ರಲ್ಲಿ ಹೇಳಿತು. ಆ ಪ್ರಕರಣ ಶುರುವಾದದ್ದೇ ಮಗುವಿನ ಅನ್ನಪ್ರಾಶನಕ್ಕೆ ಅಲ್ಲಿಗೆ ಹೋಗಿದ್ದ ಹೆಂಗಸರ ಫೋಟೊ ಪತ್ರಿಕೆಯಲ್ಲಿ ಬಂದದ್ದರಿಂದ. ಅಂದರೆ ತಿಂಗಳ ಪೂಜೆಯ ಸಮಯದಲ್ಲಿ ಹೆಂಗಸರು ಬಂದು ಹೋಗುತ್ತಿದ್ದರು. ಪದ್ಧತಿ ಮುರಿಯದೆ ಬಂದಿದೆ ಎಂಬ ವಾದ ಅಲ್ಲೇ ಸಡಿಲವಾಗುತ್ತದೆ. ನಿಮ್ಮ ಊರಲ್ಲೂ ಹಳೆಯ ಮದುವೆ ಆಲ್ಬಂ, ಜಾತ್ರೆಯ ಫೋಟೊ, ಅಜ್ಜಿಯಂದಿರ ಹೆಸರಿನ ಸೇವಾ ರಶೀದಿ ಇದ್ದರೆ ತೆಗೆದಿಡಿ.

ಸಂವಿಧಾನದ ಯಾವ ವಿಧಿ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಂಗಡಿ, ಬಾವಿ, ಕೆರೆ, ರಸ್ತೆಗಳಲ್ಲಿ ಲಿಂಗದ ಆಧಾರದ ಮೇಲೆ ತಡೆಯಬಾರದೆನ್ನುವ 15(2)ನೇ ವಿಧಿಯ ಪಟ್ಟಿಯಲ್ಲಿ ದೇವಸ್ಥಾನದ ಹೆಸರಿಲ್ಲ. ಅದೊಂದನ್ನೇ ನಂಬಿ ಅರ್ಜಿ ಬರೆಯಬೇಡಿ. ಮುಖ್ಯ ಆಧಾರ 25ನೇ ವಿಧಿ. ಆರಾಧನೆಯ ಹಕ್ಕು 25(1)ರಲ್ಲಿದೆ. ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಕ್ಕೂ ತೆರೆಯುವ ಕಾನೂನಿಗೆ 25(2)(ಬಿ) ಅವಕಾಶ ಕೊಡುತ್ತದೆ. ಎದುರಾಳಿಗಳು 26ನೇ ವಿಧಿ ಹಿಡಿದು, ‘ನಾವು ಪ್ರತ್ಯೇಕ ಪಂಥ, ನಮ್ಮ ಧಾರ್ಮಿಕ ವ್ಯವಹಾರ ನಮ್ಮದು’ ಎನ್ನುತ್ತಾರೆ. ಪಂಥ ಎನಿಸಿಕೊಳ್ಳಲು ಸಮಾನ ನಂಬಿಕೆ, ಸಮಾನ ಸಂಘಟನೆ, ಪ್ರತ್ಯೇಕ ಹೆಸರು ಮೂರೂ ಬೇಕು.

ಇದಕ್ಕೆ ನಮ್ಮ ಕರಾವಳಿಯದ್ದೇ ನಿದರ್ಶನವಿದೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ 1958ರ ಸುಪ್ರೀಂ ಕೋರ್ಟ್ ತೀರ್ಪು, ಗುಡಿ ಗೌಡ ಸಾರಸ್ವತರ ಪಂಥದ್ದೇ ಎಂದು ಒಪ್ಪಿಕೊಂಡೂ ಎಲ್ಲ ಹಿಂದೂಗಳಿಗೆ ಪ್ರವೇಶ ಕೊಟ್ಟಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಪಂಥದವರಿಗೆ ಪ್ರತ್ಯೇಕ ಹಕ್ಕು ಉಳಿಸಿತು. ಹಾಗಾಗಿ ಅರ್ಜಿಯಲ್ಲಿ ‘ಎಲ್ಲ ವೇಳೆ, ಎಲ್ಲ ಕಡೆ’ ಎನ್ನುವುದಕ್ಕಿಂತ ‘ಗಂಡಸರಿಗೆ ದರ್ಶನವಿರುವ ವೇಳೆಯಲ್ಲಿ, ಅವರು ನಿಲ್ಲುವ ಜಾಗದಲ್ಲಿ’ ಎಂದು ಕೇಳುವುದು ಗಟ್ಟಿ.

ಶಬರಿಮಲೆ ತೀರ್ಪನ್ನು ಉಲ್ಲೇಖಿಸುವಾಗ ಎಚ್ಚರವಿರಲಿ. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನಲ್ಲಿ 4:1 ಬಹುಮತದಲ್ಲಿ ನಿಷೇಧ ಬಿದ್ದುಹೋಯಿತು. 2019ರ ನವೆಂಬರ್ 14ರಂದು ಮರುಪರಿಶೀಲನಾ ಅರ್ಜಿಗಳ ವೇಳೆ 3:2 ಬಹುಮತದಲ್ಲಿ ದೊಡ್ಡ ಪ್ರಶ್ನೆಗಳು ವಿಸ್ತೃತ ಪೀಠಕ್ಕೆ ಹೋದವು. ಅರ್ಜಿ ಸಲ್ಲಿಸುವ ದಿನ ಅದರ ಸ್ಥಿತಿ ಏನೆಂದು ವಕೀಲರು ಪರಿಶೀಲಿಸಲೇಬೇಕು. ಆ ತೀರ್ಪಿನಲ್ಲಿ ನಮಗೆ ಹೆಚ್ಚು ಉಪಯುಕ್ತವೆನಿಸುವುದು ಅದರ ಸರಳ ಭಾಗ: ಕೇರಳದ 1965ರ ಕಾಯ್ದೆ ಎಲ್ಲರಿಗೂ ಪ್ರವೇಶ ಕೊಡುತ್ತದೆ, ಅದರಡಿ ಮಾಡಿದ 3(ಬಿ) ನಿಯಮ ಅದನ್ನೇ ಕಿತ್ತುಕೊಳ್ಳುವಂತಿಲ್ಲ. ಮುಟ್ಟಿನ ಹೆಸರಲ್ಲಿ ದೂರವಿಡುವುದೂ ಅಸ್ಪೃಶ್ಯತೆಯೇ ಎಂದು ನ್ಯಾ. ಚಂದ್ರಚೂಡ್ ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿಯಡಿ ಬರೆದದ್ದು ನಮಗೆ ಮನಸಾರೆ ಒಪ್ಪಿಗೆ. ಆದರೂ ಅರ್ಜಿಯಲ್ಲಿ ಅದನ್ನು ಎರಡನೆಯ ಆಧಾರವಾಗಿಡಿ.

ಅರ್ಜಿದಾರರು ಯಾರಾಗಬೇಕು?

ಆ ಊರಿನ, ಆ ದೇವರಿಗೆ ನಡೆದುಕೊಳ್ಳುವ ಹೆಣ್ಣುಮಗಳು. ಶಬರಿಮಲೆಯಲ್ಲಿ ಅರ್ಜಿ ಹಾಕಿದ್ದು ವಕೀಲರ ಸಂಘ. ಭಕ್ತರಲ್ಲದವರು ಇಂಥ ಅರ್ಜಿ ತರಬಾರದು ಎಂಬುದು ಭಿನ್ನ ತೀರ್ಪು ಬರೆದ ನ್ಯಾ. ಇಂದು ಮಲ್ಹೋತ್ರಾ ಅವರ ಮುಖ್ಯ ಆಕ್ಷೇಪವಾಗಿತ್ತು. ಆ ಆಕ್ಷೇಪಕ್ಕೆ ಜಾಗ ಕೊಡಬೇಡಿ. ಮೂರು ನಾಲ್ಕು ಮಂದಿ ಹೆಂಗಸರು ಪೂಜೆಗೆಂದೇ ಹೋಗಿ, ತಡೆದ ದಿನಾಂಕ, ವೇಳೆ, ತಡೆದವರ ಹುದ್ದೆ, ಆಡಿದ ಮಾತನ್ನು ಅಂದೇ ಬರೆದು ಸಹಿ ಹಾಕಲಿ.

ಮುಂದಿನದು ಲಿಖಿತ ಮನವಿ. ಸಮಿತಿಯ ಅಧ್ಯಕ್ಷರು, ಕಾರ್ಯನಿರ್ವಾಹಕ ಅಧಿಕಾರಿ ಮತ್ತು ಜಿಲ್ಲಾಧಿಕಾರಿಗೆ ಕೊಟ್ಟು, ಪೊಲೀಸ್ ವರಿಷ್ಠಾಧಿಕಾರಿಗೆ ಪ್ರತಿ ಕಳಿಸಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ಕೇಳಿದ್ದು, ನಿರಾಕರಿಸಿದ್ದು ಎರಡೂ ಕಾಗದದಲ್ಲಿ ಇಲ್ಲದೆ ಹೈಕೋರ್ಟಿಗೆ ಹೋದರೆ ‘ಮೊದಲು ಅಧಿಕಾರಿಗಳ ಬಳಿ ಹೋಗಿ’ ಎಂದು ವಾಪಸು ಕಳಿಸುವ ಸಂಭವ ಹೆಚ್ಚು.

ಉತ್ತರ ಬಾರದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಹಕ್ಕು ಜಾರಿಗೆ ಆದೇಶ ಕೋರುವ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಸೇರುವಲ್ಲಿಗೆ. ಮುಜರಾಯಿಗೆ ಸೇರದ ಖಾಸಗಿ ಟ್ರಸ್ಟ್ ಆದರೆ ರಿಟ್ ಕಷ್ಟ. ಹಕ್ಕಿನ ಘೋಷಣೆ ಮತ್ತು ತಡೆಯಾಜ್ಞೆ ಕೋರಿ ಸಿವಿಲ್ ದಾವೆ ಹೂಡುವುದು ಮೇಲು. ವಕೀಲರ ಫೀಸಿಗೆ ಹೆದರಿ ಕೂರಬೇಡಿ: ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ತಡೆದದ್ದು ದಲಿತ ಮಹಿಳೆಯನ್ನು, ಜಾತಿಯ ಕಾರಣಕ್ಕೆ ಎಂದಾದರೆ ಈ ಸುತ್ತು ದಾರಿ ಬೇಡ. ಅದು ನೇರವಾಗಿ ಅಪರಾಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಂದೇ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ.

ಆದೇಶ ಸಿಕ್ಕ ಮೇಲೆ

ಅತಿ ಹೆಚ್ಚು ಪೆಟ್ಟು ಬೀಳುವುದು ಈ ಹಂತದಲ್ಲಿ. ತೀರ್ಪು ಬಂದು 20 ದಿನವೂ ಆಗಿರಲಿಲ್ಲ, 2018ರ ಅಕ್ಟೋಬರ್‌ನಲ್ಲಿ ಶಬರಿಮಲೆಯ ಬಾಗಿಲು ತೆರೆದಾಗ ಬೆಟ್ಟ ಹತ್ತುವ ಮುಂಚಿನ ತಂಗುದಾಣಗಳಾದ ನಿಲಕ್ಕಲ್, ಪಂಪಾದಲ್ಲೇ ಹೆಂಗಸರನ್ನು ಅಡ್ಡಗಟ್ಟಿದರು. ಪೊಲೀಸ್ ಕಾವಲಿನಲ್ಲಿ ಸನ್ನಿಧಾನದ ಹತ್ತಿರ ಬಂದವರೂ ಹಿಂತಿರುಗಬೇಕಾಯಿತು. 2019ರ ಜನವರಿ 2ರ ಬೆಳಗಿನ ಜಾವ ಇಬ್ಬರು ಒಳಹೊಕ್ಕು ದರ್ಶನ ಪಡೆದ ಮೇಲೆ ಗುಡಿ ಮುಚ್ಚಿ ಶುದ್ಧೀಕರಣ ನಡೆಯಿತು. ಅವರಿಬ್ಬರಿಗೆ 24 ಗಂಟೆ ಭದ್ರತೆ ಕೊಡಲು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆದ್ದರಿಂದ ಪೊಲೀಸ್ ರಕ್ಷಣೆಯ ಕೋರಿಕೆಯನ್ನು ಮೂಲ ಅರ್ಜಿಯಲ್ಲೇ ಸೇರಿಸಿ, ಗುಡಿಯಲ್ಲಿ ಮಾತ್ರವಲ್ಲ, ಮನೆಯ ಬಳಿಯೂ ಬೇಕೆಂದು ಕೇಳಿ. ಜಾತ್ರೆ, ರಥೋತ್ಸವದ ದಿನ ಬಿಟ್ಟು ಜನ ಕಡಿಮೆಯಿರುವ ವಾರದ ದಿನ ಆರಿಸಿ. ಟಿವಿ ಕ್ಯಾಮೆರಾ ಕರೆಯಬೇಡಿ. ಅದು ಬಂದರೆ ಎದುರು ಗುಂಪೂ ಬರುತ್ತದೆ. ಮನೆಯವರಿಗೆ ಮೊದಲೇ ತಿಳಿಸಿ, ಏಕೆಂದರೆ ಹೊರಗಿನ ಬೈಗುಳಕ್ಕಿಂತ ಮನೆಯ ಮುನಿಸು ಹೆಚ್ಚು ಕಾಡುತ್ತದೆ.

ದರ್ಶನ ಆದ ವಾರದಲ್ಲೇ ನಿಷೇಧದ ಫಲಕ ತೆಗೆಸಿ, ಸಮಿತಿಯ ಸಭೆಯಲ್ಲಿ ನಡಾವಳಿ ಬರೆಸಿ, ಅದರ ದೃಢೀಕೃತ ಪ್ರತಿ ಪಡೆಯಿರಿ. ಸಮಿತಿ ಬದಲಾದಾಗ ಫಲಕ ಮತ್ತೆ ಬಂದರೆ ಆ ಪ್ರತಿಯನ್ನೂ ಕೋರ್ಟ್ ಆದೇಶವನ್ನೂ ಲಗತ್ತಿಸಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬಹುದು. ಅದಕ್ಕೆ 1 ವರ್ಷದ ಗಡುವಿದೆ.