ಮಂಚ ಬಿಚ್ಚದೆ ತಿಗಣೆ ಹೋಗದು

ತಿಗಣೆ ವಿಷಯದಲ್ಲಿ ಔಷಧಿ ಹೊಡೆಯುವುದು ಕೊನೆಯ ಕೆಲಸ. ಮೊದಲ ಕೆಲಸ ಹುಡುಕುವುದು, ಎರಡನೆಯದು ಬಿಸಿ ಮುಟ್ಟಿಸುವುದು, ಮೂರನೆಯದು ದಿನ ಎಣಿಸುವುದು. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಹಲಸಿನ ಮರದ ಮಂಚ, ಒಂದು ಪ್ಲೈವುಡ್ ಮಂಚ, ಎರಡು ಹಾಸಿಗೆಗಳಿಗೆ ನಾನು ಮಾಡಿದ ಕ್ರಮ ಕೆಳಗಿದೆ. ಪೂರ್ತಿ ಮುಗಿಯಲು ಹತ್ತು ವಾರ ಹಿಡಿಯಿತು.

ಕಚ್ಚಿದ ಗುರುತು ನೋಡಿ ತಿಗಣೆ ಎಂದು ತೀರ್ಮಾನ ಮಾಡಬೇಡಿ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ದದ್ದು ಏಳುತ್ತದೆ, ಇನ್ನೊಬ್ಬರಿಗೆ ಏನೂ ಆಗಿರುವುದಿಲ್ಲ. ಕೆಲವರಿಗೆ ಕಚ್ಚಿ ಎಷ್ಟೋ ದಿನದ ಮೇಲೆ ತುರಿಕೆ ಶುರುವಾಗುತ್ತದೆ. ಬೆರಳ ಸಂದಿ, ಮಣಿಕಟ್ಟಿನಲ್ಲಿ ಕೆರೆತವಿದ್ದರೆ ಅದು ಕಜ್ಜಿಯೂ ಇರಬಹುದು, ಡಾಕ್ಟರಿಗೆ ತೋರಿಸಿ. ನಂಬಬೇಕಾದದ್ದು ಕಲೆಯನ್ನು. ಹಾಸಿಗೆಯ ಅಂಚಿನ ಹೊಲಿಗೆಯಲ್ಲಿ, ಮಂಚದ ಮೂಲೆಯಲ್ಲಿ ಪೆನ್ನಿನ ಮೊನೆ ಒತ್ತಿದಂತೆ ಕಪ್ಪು ಚುಕ್ಕೆಗಳು ಗುಂಪಾಗಿ ಕಂಡರೆ ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಅದು ಧೂಳಾಗಿದ್ದರೆ ಉದುರುತ್ತದೆ. ತಿಗಣೆಯ ಹಿಕ್ಕೆಯಾಗಿದ್ದರೆ ಶಾಯಿಯ ಹಾಗೆ ಕಂದಾಗಿ ಹರಡುತ್ತದೆ, ಯಾಕೆಂದರೆ ಅದು ಜೀರ್ಣವಾದ ರಕ್ತ. ಜತೆಗೆ ಒಣಗಿದ ಈರುಳ್ಳಿ ಸಿಪ್ಪೆಯ ಬಣ್ಣದ ಪೊರೆಗಳೂ, ಮರಕ್ಕೆ ಅಂಟಿದ ಒಂದು ಮಿಲಿಮೀಟರಿನ ಬಿಳಿ ಮೊಟ್ಟೆಗಳೂ ಸಿಗುತ್ತವೆ. ಬೆಳೆದ ತಿಗಣೆ ನಾಲ್ಕೈದು ಮಿಲಿಮೀಟರ್ ಇರುತ್ತದೆ, ಚಪ್ಪಟೆ. ಹಾರುವುದಿಲ್ಲ, ಚಿಗಟದಂತೆ ನೆಗೆಯುವುದೂ ಇಲ್ಲ.

ಮಂಚವನ್ನು ನಿಂತಲ್ಲೇ ಪರೀಕ್ಷಿಸಿ ಪ್ರಯೋಜನವಿಲ್ಲ. ಕಾಲಿಗೂ ಉದ್ದ ಪಟ್ಟಿಗೂ ಸೇರುವ ಬೋಲ್ಟ್ ಬಿಚ್ಚಿ, ಹಲಗೆಗಳನ್ನೆಲ್ಲ ಎತ್ತಿ, ಬೋಲ್ಟ್ ಕೂರುವ ತೂತಿಗೆ ಟಾರ್ಚ್ ಹಿಡಿಯಬೇಕು. ಹಲಸಿನ ಮಂಚದ ತಲೆ ಕಡೆಯ ಒಂದೇ ತೂತಿನಲ್ಲಿ ತಾಯಿ, ಮರಿ, ಮೊಟ್ಟೆ, ಪೊರೆ ಎಲ್ಲ ಒತ್ತೊತ್ತಾಗಿ ಕೂತಿದ್ದವು. ಹೊರಗಿನಿಂದ ಅಲ್ಲಿ ಒಂದು ಚುಕ್ಕೆಯೂ ಕಾಣುತ್ತಿರಲಿಲ್ಲ. ಹಳೇ ಎಟಿಎಂ ಕಾರ್ಡಿನ ಅಂಚನ್ನು ಸಂದಿಯಲ್ಲಿ ಎಳೆದರೆ ಅಡಗಿದ್ದವು ಹೊರಬರುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು, ಪಕ್ಕದಲ್ಲಿ ಸೋಪಿನ ನೀರಿನ ಮಗ್ಗು ಇಟ್ಟುಕೊಂಡು ಈ ಕೆಲಸ ಮಾಡಿ. ಆಮೇಲೆ ಗೋಡೆಯ ಮೊಳೆ ತೂತು, ಕ್ಯಾಲೆಂಡರಿನ ಹಿಂಭಾಗ, ಪರದೆಯ ಮಡಿಕೆ, ಮಂಚದ ಹತ್ತಿರದ ಸ್ವಿಚ್ ಬೋರ್ಡ್ ನೋಡಿ. ಬೋರ್ಡ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿರಬೇಕು.

ಗಟ್ಟಿ ಮರಕ್ಕೆ ಕುದಿಯುವ ನೀರಿನಷ್ಟು ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಅಡುಗೆಮನೆಯಲ್ಲಿ ಕಾಯಿಸಿ ಟೆರೇಸಿಗೆ ಹೊತ್ತೊಯ್ಯುವಷ್ಟರಲ್ಲಿ ನೀರು ಆರುತ್ತದೆ, ತೆಳ್ಳಗೆ ಸುರಿದರೆ ಇನ್ನೂ ಬೇಗ ಆರುತ್ತದೆ. ಎಲೆಕ್ಟ್ರಿಕ್ ಕೆಟಲ್ಲನ್ನೇ ಮೇಲೆ ಒಯ್ದು, ಪ್ರತಿ ಜೋಡಣೆಗೆ ಒಂದೊಂದು ಲೀಟರ್ ಸುರಿದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿದೆ. ಪ್ಲೈವುಡ್ಡಿಗೆ ಹೀಗೆ ಮಾಡಿದರೆ ಪದರ ಬಿಟ್ಟು ಉಬ್ಬುತ್ತದೆ. ಅದಕ್ಕೆ ಸ್ಟೀಮರ್ ಬೇಕು. ಒಂದು ಅಡಿ ದೂರಕ್ಕೆ ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ನಿಧಾನವಾಗಿ ಎಳೆಯಿರಿ. ಸ್ಟೀಮರಿನ ಮೂತಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಆವಿಯ ರಭಸಕ್ಕೆ ಮರಿಗಳು ಸಾಯುವ ಬದಲು ಹಾರಿ ಬೀಳುತ್ತವೆ.

ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಎಲ್ಲರೂ ಮಾಡುವ ಕೆಲಸ, ಎಲ್ಲರೂ ಸೋಲುವುದೂ ಅಲ್ಲೇ. ಮೇಲ್ಭಾಗ ಕಾಯುತ್ತಿದ್ದಂತೆ ತಿಗಣೆ ಕೆಳಗಿನ ತಂಪಿಗೆ ಇಳಿಯುತ್ತದೆ. ಮೊಟ್ಟೆ ಸಹಿತ ಸಾಯಲು 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದೂವರೆ ಗಂಟೆ ಬೇಕು, ಆ ಶಾಖ ದಪ್ಪ ಹಾಸಿಗೆಯ ಒಳಗೆ ಇಳಿಯುವುದೇ ಇಲ್ಲ. ಹತ್ತಿ ಹಾಸಿಗೆಯನ್ನು ಬಿಚ್ಚಿಸಿ, ಗವಸನ್ನು ಬಿಸಿನೀರಿನಲ್ಲಿ ಒಗೆದು, ಹತ್ತಿ ಹಿಂಜಿಸಿ ಮತ್ತೆ ಹೊಲಿಸಿದೆ. ಫೋಮ್ ಹಾಸಿಗೆಯ ಹೊಲಿಗೆಗೆಲ್ಲ ಆವಿ ಹಿಡಿದು, ಆರೂ ಮುಖ ಮುಚ್ಚುವ ಜಿಪ್ ಕವರಿನೊಳಗೆ ಹಾಕಿದೆ. ಜಿಪ್ಪಿನ ತುದಿಯಲ್ಲಿ ಉಳಿಯುವ ಚಿಕ್ಕ ಕಿಂಡಿಗೆ ಟೇಪ್ ಅಂಟಿಸಬೇಕು. ಆ ಕವರನ್ನು ಒಂದು ವರ್ಷ ತೆಗೆಯಬಾರದು, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಜೀವ ಅದು.

ಬಟ್ಟೆಗೆ ವಾಷಿಂಗ್ ಮೆಷಿನ್‌ನಲ್ಲಿ 60 ಡಿಗ್ರಿ. ಒಗೆಯಲಾಗದ್ದನ್ನು ಕಪ್ಪು ಪಾಲಿಥೀನ್ ಚೀಲದಲ್ಲಿ ಸಡಿಲವಾಗಿ ತುಂಬಿ, ನಡುವೆ ಥರ್ಮಾಮೀಟರ್ ಇಟ್ಟು ಏಪ್ರಿಲ್ ಬಿಸಿಲಿನಲ್ಲಿ ಟೆರೇಸ್ ಮೇಲೆ ಇಟ್ಟೆ. ಲೆಕ್ಕ ಹಿಡಿಯಬೇಕಾದದ್ದು ಚೀಲದ ನಡುವಿನ ಶಾಖವನ್ನು. ಮಳೆಗಾಲದಲ್ಲಿ ಇದು ಸಾಗದು. ಪುಸ್ತಕ, ಗೊಂಬೆಯಂಥ ಸಣ್ಣ ವಸ್ತುಗಳಿಗೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ.

ಮಂಚ ಜೋಡಿಸಿದ ಮೇಲೆ ಗೋಡೆಯಿಂದ ಅರ್ಧ ಅಡಿ ದೂರ ಎಳೆದು, ಇರುವೆಗೆ ಇಡುವ ಹಾಗೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆ. ಬರೀ ನೀರು ಸಾಲದು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಬೆರೆಸಬೇಕು. ನಮ್ಮ ಕಡೆ ಕಾಣುವ ಉಷ್ಣವಲಯದ ತಿಗಣೆ ನುಣುಪಾದ ಗೋಡೆಯನ್ನೂ ಹತ್ತಬಲ್ಲದು; ಸೋಪಿನ ನೀರಿಗೆ ಬಿದ್ದರೆ ತೇಲದೆ ಮುಳುಗುತ್ತದೆ. ನೀರನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲವಾದರೆ ಡೆಂಗ್ಯೂ ಸೊಳ್ಳೆ ಸಾಕಿದಂತೆ. ನೆಲಕ್ಕೆ ತಾಗುವ ಹೊದಿಕೆಯ ಚುಂಗು, ಸೊಳ್ಳೆಪರದೆಯ ಅಂಚು ತಿಗಣೆಗೆ ಏಣಿ. ಅವನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಮತ್ತು ದಯವಿಟ್ಟು ಬೇರೆ ಕೋಣೆಗೆ ಹೋಗಿ ಮಲಗಬೇಡಿ. ನಮ್ಮ ಮೈಯ ಶಾಖ, ಉಸಿರು ಹುಡುಕಿಕೊಂಡು ಅವು ಅಲ್ಲಿಗೂ ಬರುತ್ತವೆ, ಆಗ ಎರಡು ಕೋಣೆಯ ಕೆಲಸವಾಗುತ್ತದೆ.

ಅಂಗಡಿಯ ಸ್ಪ್ರೇಗಳಲ್ಲಿರುವ ಪೈರಿಥ್ರಾಯ್ಡ್ ವರ್ಗದ ಔಷಧಿಗೆ ತಿಗಣೆ ಬಹಳ ಕಡೆ ಒಗ್ಗಿಹೋಗಿದೆ. ಹೊಗೆ ಹಾಕಿದರೆ ಇನ್ನೂ ಆಳದ ಸಂದಿಗೆ ಸರಿಯುತ್ತದೆ. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವುದಾದರೆ ಮಂಚ ಬಿಚ್ಚಿಟ್ಟುಕೊಂಡೇ ಕರೆಸಿ, ಎರಡು ವಾರದೊಳಗೆ ಎರಡನೇ ಸಲ ಬರುವುದನ್ನು ಮೊದಲೇ ಮಾತಾಡಿಕೊಳ್ಳಿ. ನಾನು ಗೋಡೆಯ ಸಂದುಗಳಿಗೆ ಡಯಾಟಮೇಶಿಯಸ್ ಅರ್ತ್ ಎಂಬ, ಸೂಕ್ಷ್ಮ ಪಾಚಿಯ ಪಳೆಯುಳಿಕೆಯ ನುಣ್ಣನೆ ಪುಡಿಯನ್ನು ಮಾಸ್ಕ್ ಹಾಕಿಕೊಂಡು ಬ್ರಷ್‌ನಿಂದ ತೆಳ್ಳಗೆ ಸವರಿದೆ. ರಾಶಿ ಹಾಕಿದರೆ ತಿಗಣೆ ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತದೆ. ಅದರ ಮೈಯ ಮೇಣ ಹೀರಿ ಒಣಗಿಸುವ ಪುಡಿ ಇದು, ಕರಾವಳಿಯ ತೇವದಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಹತ್ತು ದಿನ ಬಿಟ್ಟು ಸಂದುಗಳಿಗೆ ಪುಟ್ಟಿ ತುಂಬಿದೆ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಾತ್ರ ಮನೆಯೊಳಗೆ ತರಲೇಬೇಡಿ. ಅದರಿಂದ ಏಳುವ ಫಾಸ್ಫೀನ್ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವನ್ನೂ ಕೊಲ್ಲುತ್ತದೆ.

ಇನ್ನು ದಿನದ ಲೆಕ್ಕ. ಮೊಟ್ಟೆ ಆರರಿಂದ ಹತ್ತು ದಿನಕ್ಕೆ ಒಡೆಯುತ್ತದೆ. ಮರಿ ಐದು ಸಲ ರಕ್ತ ಕುಡಿದು, ಐದು ಸಲ ಪೊರೆ ಬಿಟ್ಟು, ನಮ್ಮ ಸೆಕೆಯಲ್ಲಿ ಐದಾರು ವಾರಕ್ಕೆ ಮೊಟ್ಟೆ ಇಡಲು ತಯಾರಾಗುತ್ತದೆ. ಹಾಗಾಗಿ ಎಂಟೆಂಟು ದಿನಕ್ಕೊಮ್ಮೆ ನಾಲ್ಕು ಸಲ ಮಂಚ ಬಿಚ್ಚಿ ನೀರು, ಆವಿ ಹಿಡಿದೆ. ಮೂರನೇ ಸಲ ಸಿಕ್ಕಿದ್ದು ಎರಡೇ ಮರಿ, ನಾಲ್ಕನೇ ಸಲ ಒಂದೂ ಇಲ್ಲ. ಬಟ್ಟಲುಗಳನ್ನು ಮಾತ್ರ ಆಮೇಲೂ ಆರು ವಾರ ತೆಗೆಯಲಿಲ್ಲ. ಈಗ ಊರಿನಿಂದ ಬಂದ ಬ್ಯಾಗು ಹಾಸಿಗೆಯ ಮೇಲೆ ಕೂರುವುದಿಲ್ಲ, ನೇರ ಬಾಲ್ಕನಿಗೆ ಹೋಗುತ್ತದೆ, ಬಟ್ಟೆ ಬಿಸಿನೀರಿಗೆ. ಸೆಕೆಂಡ್ ಹ್ಯಾಂಡ್ ಮಂಚ, ಸೋಫಾ ಕೊಳ್ಳುವಾಗ ಅಂಗಡಿಯಲ್ಲೇ ತಲೆಕೆಳಗು ಮಾಡಿಸಿ, ಬೋಲ್ಟ್ ತೂತಿಗೆ ಟಾರ್ಚ್ ಹಿಡಿಯುತ್ತೇನೆ.